ಬಣ್ಣ ಆಮೇಲೆ

ಡಬ್ಬಿ ಮುಚ್ಚಳ ತೆಗೀಬೇಡಿ ಟೀಚರ್ರೇ,
ಬಣ್ಣ ಎಲ್ಲಿಗೂ ಓಡಿಹೋಗಲ್ಲ.
ಮೊದಲು ಬನ್ನಿ ಇಲ್ಲಿ, ಬೀದಿ ಕಡೆ ಗೋಡೆಗೆ,
ಬೆರಳ ಗೆಣ್ಣಲ್ಲಿ ಬಡಿದು ನೋಡಿ:
ಇಲ್ಲಿ ಠಣ್ ಅಂತೈತೆ, ಕಲ್ಲು.
ಒಂದು ಗೇಣು ಈ ಕಡೆ ಸರಿದರೆ
ಒಣಗಿದ ಸೋರೆಬುರುಡೆ ಸದ್ದು.
ಅಂದರೆ ಮೇಲಿನ ಸಿಮೆಂಟು ಗೋಡೆ ಬಿಟ್ಟು
ಸುಮ್ಮನೆ ನಿಂತೈತೆ,
ಮಾತು ಮುಗಿದ ಮೇಲೂ ಏಳದ ನೆಂಟರ ಹಾಗೆ.

ದೊಡ್ಡಪೇಟೆಯ ಈ ಸಾಲಲ್ಲಿ
ಯಾವ ಗೋಡೆಯೂ ಒಂಟಿಯಾಗಿ ಎದ್ದಿದ್ದಲ್ಲ.
ಹೊರಗೊಂದು, ಒಳಗೊಂದು, ಎರಡು ಮೈ;
ನಡುವೆ ಕಲ್ಲಚೂರು, ಕೆಮ್ಮಣ್ಣು, ಒಡೆದ ಹೆಂಚು,
ಅವತ್ತು ಕೈಗೆ ಸಿಕ್ಕಿದ್ದು.
ಎರಡೂ ಮುನಿಸಿಕೊಂಡು ಬೇರೆಯಾಗದ ಹಾಗೆ
ಮೂರು ಮೊಳಕ್ಕೊಂದು ಅಡ್ಡಗಲ್ಲು,
ಈ ಕಡೆ ತಲೆ, ಆ ಕಡೆ ಕಾಲು.
ಅಲ್ಲಿ, ಗೂಟದ ಪಕ್ಕ, ಉಬ್ಬೈತಲ್ಲ,
ಅಲ್ಲಿ ಅಡ್ಡಗಲ್ಲು ಮುರಿದಿರಬೇಕು,
ಇಲ್ಲಾಂದರೆ ಕಟ್ಟಿದವನಿಗೆ ಊಟದ ಆತುರ.

ಬೆಟ್ಟದ ಮೇಲಿನ ಕೋಟೆಗೆ ಗಾರೆಯ ಹಂಗಿಲ್ಲ,
ಕಲ್ಲಿಗೆ ಕಲ್ಲೇ ಕಚ್ಚಿ ಕೂತೈತೆ.
ಅದು ಅರಸರ ಕಲ್ಲು. ಇದು ಎಣ್ಣೆ ವ್ಯಾಪಾರಿಯ ಮನೆ,
ಇದಕ್ಕೆ ಮಣ್ಣು ಬೇಕು, ಮಣ್ಣಿಗೆ ಸುಣ್ಣದ ಅಂಗಿ ಬೇಕು.
ನೆಲದ ತೇವ ಕಲ್ಲ ಸಂದಿನಲ್ಲಿ ಮೆಲ್ಲಗೆ ಏರ್ತೈತೆ,
ಸುಣ್ಣ ಅದನ್ನ ಬಿಸಿಲಿಗೆ ಬಿಟ್ಟುಕೊಡ್ತೈತೆ.
ಸಿಮೆಂಟು ಬಿಡಲ್ಲ. ಅಗುಳಿ ಹಾಕಿ ಕೂರ್ತೈತೆ.
ದಾರಿ ಸಿಗದ ತೇವ ಒಳಗೆ ತಿರುಗಿ
ನಿಮ್ಮ ಪಡಸಾಲೆಯಲ್ಲಿ ಮೊಣಕಾಲೆತ್ತರಕ್ಕೆ
ಉಪ್ಪಾಗಿ ಅರಳೈತೆ.
ವರ್ಷಾ ವರ್ಷಾ ಅದರ ಮೇಲೇ ಬಣ್ಣ ಬಳಿದಿರಿ,
ಜ್ವರ ಬಂದ ಮುಖಕ್ಕೆ ಪೌಡರ್ ಹಚ್ಚಿದ ಹಾಗೆ.

ಯಾವನು ಮೆತ್ತಿದನೋ ಈ ಸಿಮೆಂಟು, ಅಂತ ಬೈದಿರಿ ನಿನ್ನೆ.
ನಾನೂ ತಲೆ ಆಡಿಸಿದೆ.
ಇವತ್ತು ಕಿಟಕಿ ಕೆಳಗೆ ಉಳಿ ಇಟ್ಟಾಗ
ನಾಲ್ಕು ಪದರ ಬಣ್ಣದಡಿ ಸಿಕ್ಕಿತು,
ಹಸಿ ಇದ್ದಾಗ ಮೊಳೆಯಲ್ಲಿ ಗೀಚಿದ್ದು:
ಗಾದ್ರಪ್ಪ, ೧೪-೪-೯೧.
ಇಪ್ಪತ್ತಾರರ ಕೈ. ಅಕ್ಷರ ದುಂಡಗೈತೆ.
ಹಳೇ ಗಾರೆ ಕೆತ್ತಿ ಚರಂಡಿಗೆ ಸುರಿದವನೂ ನಾನೇ.
ಆಗಿನ ಯಜಮಾನರು ಬೆನ್ನು ತಟ್ಟಿ
ಮೇಲೆ ಐವತ್ತು ರೂಪಾಯಿ ಕೊಟ್ಟರು,
ಇನ್ನು ನೂರು ವರ್ಷ ಈ ಕಡೆ ನೋಡಬೇಕಿಲ್ಲ ಅಂದರು.
ಜಾಫರ್ ಮೇಸ್ತ್ರಿ ಎದುರು ಜಗಲಿಯಲ್ಲಿ ಕೂತು
ಬೀಡಿ ಆರಿದ್ದೂ ಗೊತ್ತಿಲ್ಲದೆ ನೋಡುತ್ತಿದ್ದರು.
ಬೆಲ್ಲ ಎಷ್ಟು, ಅಳಲೆಕಾಯಿ ಎಷ್ಟು ದಿನ ನೆನೆಯಬೇಕು,
ಅವರನ್ನ ಕೇಳಲಿಲ್ಲ ನಾನು.
ಈಗ ಅವರಿಲ್ಲ.

ಅದಕ್ಕೇ ಗೋಡೆಯನ್ನ ಕೇಳಬೇಕು.
ಸೂರಿನಡಿ, ಅವತ್ತು ನನ್ನ ಏಣಿ ಮುಟ್ಟದ ಮೂಲೆಯಲ್ಲಿ
ಅಂಗೈಯಗಲ ಹಳೇ ಗಾರೆ ಉಳಿದೈತೆ.
ಚೂರು ತಂದೆ. ನಾಲಿಗೆಗೆ ಒತ್ತಿದರೆ ಅಂಟ್ತೈತೆ.
ನಗಬೇಡಿ. ಒಂದು ಗಾಜಿನ ಲೋಟ ಕೊಡಿ,
ಮನೇಲಿರೋ ಅಷ್ಟೂ ನಿಂಬೆಹಣ್ಣು.
ನೋಡಿ, ನೊರೆ ಬಂತು. ಸುಣ್ಣ ಕರಗ್ತೈತೆ.
ಬೆಳಗಿನ ತನಕ ಅಲುಗಿಸಬೇಡಿ.

ಎಷ್ಟು ದಿನದ ಕೆಲಸ ಅಂತೀರಾ?
ಸಿಮೆಂಟು ಬಿಚ್ಚೋಕೇ ತಿಂಗಳು,
ಮಷಿನ್ ಇಲ್ಲದೆ, ಸಣ್ಣ ಉಳಿಯಲ್ಲಿ,
ಕಲ್ಲಿನ ಅಂಚು ಸಿಡಿಯದ ಹಾಗೆ.
ಆಮೇಲೆ ದೀಪಾವಳಿಯಿಂದ ಯುಗಾದಿ ತನಕ
ಗೋಡೆ ಬೆತ್ತಲೆ ನಿಂತು ಒಣಗಬೇಕು.
ಬೀದಿ ಆಡಿಕೊಳ್ಳುತ್ತೆ, ಆಡಿಕೊಳ್ಳಲಿ.
ಹೆಸರಿರೋ ಚೂರು ಕೊನೆಗೆ ತೆಗೀತೀನಿ.
ಆ ದಿನದ ಕೂಲಿ ಬೇಡ.

ಬೆಳಗ್ಗೆ ಬಂದರೆ
ನೀವಾಗಲೇ ಲೋಟ ಬೆಳಕಿಗೆ ಹಿಡಿದು ನಿಂತಿದ್ದಿರಿ,
ಮೂವತ್ತು ವರ್ಷ ಭೂಗೋಳ ಹೇಳಿದವರು.
ತಳದಲ್ಲಿ ಎರಡು ಬೆರಳು ಮರಳು,
ನಡುವೆ ಇಟ್ಟಿಗೆಪುಡಿಯ ಕೆಂಪು ಗೆರೆ.
ಕಣ ದುಂಡಗಿಲ್ಲ ಗಾದ್ರಪ್ಪ, ಅಂದಿರಿ,
ಇದು ಹೊಳೆ ಮರಳಲ್ಲ.
ಇಲ್ಲೇ ಯಾವುದೋ ಹಳ್ಳದ್ದು.

ಯಾವ ಹಳ್ಳ ಅಂತ ನನಗೂ ಗೊತ್ತಿಲ್ಲ.
ಕರಣೆ ಒಳಗಿಟ್ಟು
ಸೈಕಲ್ ತೆಗೆದೆ.